ಚರ್ಮದ ಕ್ಯಾನ್ಸರ್ ಕೈಪಿಡಿ ಮತ್ತು 13 11 20: ಆಸ್ಟ್ರೇಲಿಯಾದ ಕನ್ನಡಿಗರಿಗೆ ಎಷ್ಟು ಉಪಯೋಗ?

ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಅಪರೂಪದ ಕಾಯಿಲೆಯೇನಲ್ಲ. ಆದರೂ ಆ ಹೆಸರು ಕಿವಿಗೆ ಬಿದ್ದಮೇಲೆ ಡಾಕ್ಟರು ಹೇಳಿದ ಅರ್ಧ ಮಾತು ತಲೆಗೇ ಹೋಗಿರುವುದಿಲ್ಲ. ಮನೆಗೆ ಬಂದಮೇಲೆ ಏಳುವ ಪ್ರಶ್ನೆಗಳಿಗೆ ಕ್ಯಾನ್ಸರ್ ಕೌನ್ಸಿಲ್ ಎಂಬ ಸೇವಾಸಂಸ್ಥೆಯವರ ಉಚಿತ ಕೈಪಿಡಿಗಳೂ 13 11 20 ಸಹಾಯವಾಣಿಯೂ ಇವೆ. ಒಟ್ಟಾರೆ ಒಳ್ಳೆಯ ಸೇವೆ. ಆದರೆ ನಮ್ಮ ಬಣ್ಣದ ಚರ್ಮದವರು ಇಷ್ಟನ್ನೇ ನಂಬಿ ಕೂರಬಾರದು.

ಮೊದಲ ಎಡವಟ್ಟು ಕೈಪಿಡಿ ಆರಿಸುವಲ್ಲೇ ಆಗುತ್ತದೆ. ಸಾಮಾನ್ಯವಾಗಿ ಕಾಣುವ ಎರಡು ಬಗೆಗೆ, ಅಂದರೆ ಬೇಸಲ್ ಸೆಲ್ ಮತ್ತು ಸ್ಕ್ವಾಮಸ್ ಸೆಲ್ ಕ್ಯಾನ್ಸರ್‌ಗೆ ಒಂದು ಪುಸ್ತಕ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ, ಹರಡುವ ಅಪಾಯ ಹೆಚ್ಚಿರುವ ಮೆಲನೋಮಾಕ್ಕೆ ಬೇರೆಯದೇ. ಬೇಸಲ್ ಸೆಲ್ ಇದ್ದವರು ಮೆಲನೋಮಾ ಪುಸ್ತಕ ಓದಿದರೆ ಸುಮ್ಮನೆ ನಿದ್ದೆಗೆಡುತ್ತಾರೆ, ಏಕೆಂದರೆ ಬೇಸಲ್ ಸೆಲ್ ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಮೆಲನೋಮಾದವರು ಇನ್ನೊಂದನ್ನು ಓದಿದರೆ ಸುಳ್ಳು ಧೈರ್ಯ ಬರುತ್ತದೆ. ಆದ್ದರಿಂದ ಬಯಾಪ್ಸಿ (ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿಯ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿರುವ ಹೆಸರು ನೋಡಿಕೊಂಡೇ ಪುಸ್ತಕ ತೆಗೆಯಿರಿ.

ಮೆಲನೋಮಾ ಆಗಿದ್ದರೆ ವರದಿಯಲ್ಲಿ ಎರಡು ಸಂಗತಿ ಹುಡುಕಬೇಕು: ಬ್ರೆಸ್ಲೋ ದಪ್ಪ (ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬ ಅಳತೆ) ಎಷ್ಟು ಮಿ.ಮೀ., ಮೇಲೆ ಹುಣ್ಣಾಗಿದೆಯೇ ಇಲ್ಲವೇ. 0.8 ಮಿ.ಮೀ.ಗಿಂತ ತೆಳು, ಹುಣ್ಣೂ ಇಲ್ಲ ಎಂದರೆ ಅದು ಟಿ1ಎ, ಅಂದರೆ ದಪ್ಪದ ಲೆಕ್ಕದಲ್ಲಿ ತೀರಾ ತೆಳುವಾದ ದರ್ಜೆ. 4 ಮಿ.ಮೀ. ದಾಟಿದರೆ ಟಿ4, ಅತಿ ದಪ್ಪದ ದರ್ಜೆ. ಎಷ್ಟು ಅಗಲಕ್ಕೆ ಮತ್ತೆ ಕತ್ತರಿಸಬೇಕು, ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಪರೀಕ್ಷೆ ಬೇಕೇ ಎಂಬುದೆಲ್ಲ ಮುಖ್ಯವಾಗಿ ಈ ಅಳತೆಯ ಮೇಲೆಯೇ ನಿಂತಿರುತ್ತದೆ.

ಶಸ್ತ್ರಚಿಕಿತ್ಸೆಯ ಭಾಗವನ್ನು ಓದುವಾಗ ಗಾಯದ ಲೆಕ್ಕವನ್ನೂ ಕೈಯಲ್ಲಿ ಹಾಕಿಕೊಳ್ಳಿ. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು, 6 ಮಿ.ಮೀ. ಬೇಸಲ್ ಸೆಲ್ ಗಂಟು ಇದೆ ಎನ್ನಿ. ಸುತ್ತ 4 ಮಿ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರೆ ಅಗಲ 14 ಮಿ.ಮೀ. ಆಯಿತು. ಹೊಲಿಗೆ ಗುಬುಟುಗಟ್ಟದಿರಲಿ ಎಂದು ದೋಣಿಯಾಕಾರದಲ್ಲಿ, ಅಗಲದ ಸುಮಾರು ಮೂರರಷ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಕಾಳಿನಷ್ಟು ಗಂಟಿಗೆ 4 ಸೆಂ.ಮೀ. ಗೆರೆ! ಇದು ಮೊದಲೇ ಗೊತ್ತಿಲ್ಲದವರು ಕನ್ನಡಿ ನೋಡಿ ಕೈ ಮೀರಿ ಕುಯ್ದರು ಎಂದು ಬೇಸರಪಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿ ಎಂದು ಕೇಳಿದರೆ ತಪ್ಪೇನಿಲ್ಲ.

ಮುಲಾಮಿನ ಚಿಕಿತ್ಸೆಯಲ್ಲಿ ಜನ ಹೆಚ್ಚು ತಪ್ಪುವುದು ನಡುವಿನಲ್ಲಿ. ಮೇಲ್ಪದರದ ಬೇಸಲ್ ಸೆಲ್‌ಗೆ 5% ಇಮಿಕ್ವಿಮೋಡ್ ಅನ್ನು ಸಾಮಾನ್ಯವಾಗಿ ವಾರಕ್ಕೆ 5 ರಾತ್ರಿಯಂತೆ 6 ವಾರ ಹಚ್ಚಿ, ಸುಮಾರು 8 ಗಂಟೆ ಬಿಟ್ಟು ತೊಳೆಯಬೇಕು. ಕೆಲವು ವಾರ ಕಳೆಯುವಷ್ಟರಲ್ಲಿ ಜಾಗ ಕೆಂಪಾಗಿ, ಒಸರಿ, ಹಕ್ಕಳೆ ಕಟ್ಟುತ್ತದೆ. ಮುಲಾಮು ಎಬ್ಬಿಸಿದ ರೋಗನಿರೋಧಕ ಶಕ್ತಿ ಕೆಲಸ ಮಾಡುತ್ತಿರುವ ಗುರುತು ಅದು. ಅಲರ್ಜಿ ಎಂದುಕೊಂಡು ಊರಿಂದ ತಂದ ಸ್ಟೀರಾಯ್ಡ್ ಟ್ಯೂಬ್ ಹಚ್ಚಿದರೆ ಅದೇ ಕೆಲಸಕ್ಕೆ ಕಲ್ಲು ಹಾಕಿದಂತೆ. ತಡೆಯಲಾರದಷ್ಟು ಉರಿ ಇದ್ದರೆ ಕೆಲವು ದಿನ ಬಿಡುವು ಕೊಡಬಹುದು, ಡಾಕ್ಟರನ್ನು ಕೇಳಿ.

ಇನ್ನು ಕೊರತೆಯ ಮಾತು. 1981ರಿಂದ ಬಿಸಿಲಿನ ವಿರುದ್ಧ ಪ್ರಚಾರ ಮಾಡುತ್ತಿರುವ ದೇಶವಿದು. ಹಾಗಾಗಿ ಇಲ್ಲಿನ ಮಾಹಿತಿಯ ತೂಕವೆಲ್ಲ ಬಿಸಿಲಿನ ಕಡೆಗೇ. ಕಂದು ಚರ್ಮದಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಅಲ್ಲಿ ಬಿಸಿಲಿಗೆ ಏನು ಕೆಲಸ? ಅಂಗಾಲಿನ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಔಷಧಿ ಅಂಗಡಿಯ ಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ನಮ್ಮಲ್ಲಿ ಹಲವರಿಗೆ ಉಗುರುಗಳಲ್ಲಿ ಕಂದು ಗೆರೆ ಇರುವುದು ಸಹಜ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, 3 ಮಿ.ಮೀ. ಮೀರಿ ಅಗಲವಾಗುತ್ತಾ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಇಳಿದಿದ್ದರೆ ತೋರಿಸಲೇಬೇಕು. ಹಳೆಯ ಸುಟ್ಟ ಕಲೆಯ ಮೇಲೆ ಎದ್ದ, ವಾಸಿಯಾಗದ ಹುಣ್ಣೂ ಅಷ್ಟೇ: ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಲ್ಲಿಂದಲೂ ಶುರುವಾಗಬಹುದು. ಚಿತ್ರಗಳಿಗೆ ನ್ಯೂಜಿಲೆಂಡಿನ ಡರ್ಮ್‌ನೆಟ್ ಜಾಲತಾಣ ನೋಡುವುದು ವಾಸಿ. ಅಲ್ಲಿ ಕಪ್ಪು, ಕಂದು ಚರ್ಮದ ಫೋಟೋಗಳೂ ಇವೆ.

ಖರ್ಚಿನ ಬಗ್ಗೆ ಕ್ಲಿನಿಕ್‌ನಲ್ಲೇ ವಿಚಾರಿಸಿ, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಎಷ್ಟು, ಕೈಯಿಂದ ಎಷ್ಟು ಎಂದು ಬರೆಸಿಕೊಳ್ಳಿ. ತೆಗೆದದ್ದು ಕ್ಯಾನ್ಸರೋ ಅಲ್ಲವೋ ಎಂಬುದರ ಮೇಲೆ ಮೆಡಿಕೇರ್ ಸಂಕೇತ ಬದಲಾಗುವುದರಿಂದ, ಲ್ಯಾಬ್ ವರದಿ ಬರುವವರೆಗೆ ಬಿಲ್ ತಡೆಹಿಡಿಯುವುದು ಮಾಮೂಲು. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಮೆಡಿಕೇರ್ ಇಲ್ಲ, ಅವರ ಪ್ರವಾಸ ವಿಮೆಯ ಷರತ್ತು ಓದಿ.

ಸಹಾಯವಾಣಿಯಲ್ಲಿ ರೋಗ ಪತ್ತೆ ಮಾಡಿಕೊಡುವುದಿಲ್ಲ. ವರದಿಯ ಪದ ಬಿಡಿಸಿ ಹೇಳುವುದು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಜೋಡಿಸಿಕೊಡುವುದು ಅವರ ಕೆಲಸ. ಮನೆಯ ಹಿರಿಯರಿಗೆ ಇಂಗ್ಲಿಷ್ ಕಷ್ಟವಾದರೆ ಮೊದಲು ಸರ್ಕಾರಿ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ, ದುಭಾಷಿಯ ಮೂಲಕ 13 11 20ಕ್ಕೆ ಜೋಡಿಸಲು ಹೇಳಿ. ಭಾಷೆ ಕೇಳಿದಾಗ 'ಕನ್ನಡ, ಸೌತ್ ಇಂಡಿಯಾ' ಎಂದೇ ಹೇಳಿ, ಬರೀ ಕನ್ನಡ ಎಂದರೆ ಅವರ ಕಿವಿಗೆ ಕೆನಡಾ ಎಂದು ಕೇಳಿಸೀತು.