ಥೀಸಿಸ್ ಡೇಟಾ ಅಂಗಡಿಗೆ ಕೊಡುವ ಮೊದಲು ಇದನ್ನು ಓದಿ

ಶಿವಮೊಗ್ಗದಲ್ಲಿ ದುಡ್ಡು ಕೊಟ್ಟು ಥೀಸಿಸ್ ಅನಾಲಿಸಿಸ್ ಮಾಡಿಸುವ ಕೃಷಿ ವಿದ್ಯಾರ್ಥಿಗಳೇ, ಸ್ವಲ್ಪ ನಿಲ್ಲಿ. ನನ್ನ ತಮ್ಮನಿಗೆ ಆದದ್ದು ನಿಮಗೆ ಆಗಬಾರದು.

ಅವನ ಪ್ರಯೋಗ ಅಡಿಕೆಯ ಕೊಳೆ ರೋಗದ ಮೇಲೆ, ತೀರ್ಥಹಳ್ಳಿ ಕಡೆಯ ತೋಟದಲ್ಲಿ. ಕೆಲವು ಮರಗಳಿಗೆ ಶೇಕಡಾ 1ರ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ), ಕೆಲವಕ್ಕೆ ಎರಡು ಹೊಸ ಔಷಧಿ, ಉಳಿದವಕ್ಕೆ ಬರೀ ನೀರು. ತೋಟದ ತಗ್ಗಿನಲ್ಲಿ ಥಂಡಿ ಜಾಸ್ತಿ, ಕೊಳೆಯೂ ಜಾಸ್ತಿ. ಅದಕ್ಕೇ ತೋಟವನ್ನು ಒಂದೇ ತರಹದ ಜಾಗಗಳ ಬ್ಲಾಕ್‌ಗಳಾಗಿ ಮಾಡಿ, ಪ್ರತಿ ಬ್ಲಾಕಿನಲ್ಲೂ ನಾಲ್ಕೂ ಬರುವಂತೆ ಚೀಟಿ ಎತ್ತಿ ಹಂಚಿದ್ದ.

ಅಂಗಡಿಯವರು ಆ ಬ್ಲಾಕ್ ಕಾಲಮ್ಮನ್ನೇ ತೆಗೆದುಹಾಕಿದರು. ನಾಲ್ಕು ಗುಂಪುಗಳನ್ನು ಎರಡೆರಡಾಗಿ ಜೋಡಿಸಿ ಆರು ಟಿ-ಟೆಸ್ಟ್ (ಎರಡು ಸರಾಸರಿಗಳನ್ನು ಹೋಲಿಸುವ ಲೆಕ್ಕ) ಮಾಡಿದರು. ಒಂದು ಹೊಸ ಔಷಧಿಗೂ ಬೋರ್ಡೋಗೂ ಪಿ ಮೌಲ್ಯ 0.04 ಬಂತು. ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯೇ ಪಿ; 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಇದೆ ಅನ್ನುವುದು ರೂಢಿ. ಅದಕ್ಕೆ ಹಳದಿ ಬಣ್ಣ ಬಳಿದು ‘ಹೊಸದೇ ಮೇಲು’ ಅಂತ ಬರೆದುಕೊಟ್ಟರು.

ನಾಲ್ಕು ಗುಂಪಿನಲ್ಲೂ ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂದುಕೊಳ್ಳಿ. ಹೀಗೆ ಆರೂ ಜೋಡಿ ನೋಡಿದರೆ ಎಲ್ಲೋ ಒಂದು ಕಡೆ ಸುಳ್ಳು ವ್ಯತ್ಯಾಸ ಕಾಣುವ ಸಾಧ್ಯತೆ ಶೇಕಡಾ 5 ಅಲ್ಲ, ಹೆಚ್ಚುಕಡಿಮೆ 20. ಇದನ್ನು ನಂಬಿ ಯಾರಾದರೂ ಬೋರ್ಡೋ ಬಿಟ್ಟರೆ ಮಳೆಗಾಲದಲ್ಲಿ ಅವರ ಫಸಲು ಏನಾಗಬೇಕು ಹೇಳಿ.

ಇನ್ನೂ ದೊಡ್ಡ ತಪ್ಪೊಂದಿತ್ತು. ಒಂದೇ ಮರದ ಗೊನೆಗಳನ್ನೆಲ್ಲ ಬೇರೆ ಬೇರೆ ಮರ ಎನ್ನುವಂತೆ ಲೆಕ್ಕ ಹಾಕಿದ್ದರು. ಔಷಧಿ ಹಂಚಿದ್ದು ಮರಕ್ಕೆ, ಗೊನೆಗಲ್ಲ. ಗೊನೆ ಎಣಿಸಿದರೆ ಎನ್ (ಮಾದರಿಗಳ ಸಂಖ್ಯೆ) ಸುಮ್ನೆ ಉಬ್ಬುತ್ತದೆ, ಪಿ ಇಳಿಯುತ್ತದೆ. ವೈವಾದಲ್ಲಿ ಪರೀಕ್ಷಕರು ಹಿಡಿದದ್ದೂ ಇದನ್ನೇ.

ಕೊನೆಗೆ ವಿಭಾಗದ ಮೇಡಂ ಒಬ್ಬರು ಕೂತು ಸರಿಮಾಡಿಸಿದರು. ಮರಕ್ಕೊಂದು ಸರಾಸರಿ ತೆಗೆದು, ಬ್ಲಾಕ್ ಸೇರಿಸಿ ಅನೋವಾ (ಎಲ್ಲ ಗುಂಪುಗಳನ್ನೂ ಒಟ್ಟಿಗೆ ಹೋಲಿಸುವ ಲೆಕ್ಕ), ಆಮೇಲೆ ಜೋಡಿಗಳಿಗೆ ಟುಕಿ, ಅಂದರೆ ಎಲ್ಲ ಜೋಡಿ ನೋಡಿದರೂ ಸುಳ್ಳು ವ್ಯತ್ಯಾಸದ ಸಾಧ್ಯತೆಯನ್ನು ಒಟ್ಟು ಶೇಕಡಾ 5ರಲ್ಲೇ ಹಿಡಿದಿಡುವ ಪರೀಕ್ಷೆ. ಬೋರ್ಡೋ ಜೊತೆ ಮಾತ್ರ ಹೋಲಿಸುವುದಾದರೆ ಡನೆಟ್ ಎಂಬ ಪರೀಕ್ಷೆ ಸಾಕಿತ್ತಂತೆ. ಶೇಷಗಳು (ಲೆಕ್ಕದ ಅಂದಾಜಿಗೂ ನಿಜವಾದ ಅಳತೆಗೂ ಇರುವ ಅಂತರಗಳು) ತೀರಾ ಒಂದೇ ಕಡೆ ವಾಲಿದ್ದರೆ, ಅಳತೆಯ ಬದಲು ಪ್ರತಿ ಬ್ಲಾಕಿನೊಳಗಿನ ಕ್ರಮಾಂಕ ನೋಡುವ ಫ್ರೀಡ್‌ಮನ್ ಪರೀಕ್ಷೆ ಮಾಡಬಹುದು. ಕ್ರಮಾಂಕವನ್ನೇ ಬಳಸುವ ಇನ್ನೊಂದು ಪರೀಕ್ಷೆ ಕ್ರುಸ್ಕಲ್-ವಾಲಿಸ್ ಇಲ್ಲಿ ಬೇಡ, ಅದು ಬ್ಲಾಕನ್ನು ಗಮನಿಸುವುದೇ ಇಲ್ಲ. ಹೊಸ ಲೆಕ್ಕದಲ್ಲಿ ಮೂರು ಔಷಧಿಯೂ ನೀರಿಗಿಂತ ಮೇಲು ಬಂದವು. ಬೋರ್ಡೋಗಿಂತ ಹೊಸದು ಮೇಲು ಅನ್ನಲು ಆಧಾರ ಸಿಗಲಿಲ್ಲ.

ಯಾರಿಗೇ ಡೇಟಾ ಕೊಡಿ, ಮೊದಲು ಎರಡು ಪ್ರಶ್ನೆ ಕೇಳಿ: ಔಷಧಿ ಹಂಚಿದ್ದು ಯಾವುದಕ್ಕೆ? ಬ್ಲಾಕ್ ಎಲ್ಲಿ ಹೋಯಿತು? ತಡವರಿಸಿದರೆ ಪೆನ್‌ಡ್ರೈವ್ ವಾಪಸ್ ತಗೊಂಡು ಬನ್ನಿ. ತಮ್ಮನ ವೈವಾ ಮುಂದಕ್ಕೆ ಹೋಯಿತು, ಅಂಗಡಿಯವರು ದುಡ್ಡೂ ವಾಪಸ್ ಕೊಡಲಿಲ್ಲ.