ಮಗುವಿನ ಅಂಗೈ ಸ್ಕ್ಯಾನ್ (ಡಿಎಂಐಟಿ) ಮಾಡಿಸಿದ್ವಿ, 5ಕ್ಕೆ 1 ಸ್ಟಾರ್

ಆ ಒಂದು ಸ್ಟಾರ್ ಜಾಗ ಕ್ಲೀನಾಗಿದೆ ಅಂತ, ರಿಸೆಪ್ಷನ್ನಲ್ಲಿರೋ ಹುಡುಗಿ ಮಕ್ಕಳ ಹತ್ರ ನಗ್ತಾ ಮಾತಾಡ್ತಾಳೆ ಅಂತ ಕೊಟ್ಟಿದ್ದು. ಸೆಂಟರ್ ಹೆಸರು ಬರೆಯಲ್ಲ, ಬೆಂಗಳೂರಲ್ಲಿ ಇಂಥವು ಬೇಕಾದಷ್ಟಿವೆ, ಎಲ್ಲಾ ಫ್ರಾಂಚೈಸಿ ಲೆಕ್ಕ, ಯಾವ್ದಕ್ಕೆ ಹೋದ್ರೂ ಇದೇ ಕಥೆ ಇರುತ್ತೆ.

ನಮ್ಮಕ್ಕನ ಮಗನಿಗೆ ಮೂರು ತುಂಬ್ತಾ ಬಂತು, ಮಾತು ಕಮ್ಮಿ. ಪ್ಲೇಹೋಮ್‌ನವ್ರು ಡಿಎಂಐಟಿ ಮಾಡಿಸಿ ಮೇಡಂ ಎಲ್ಲಾ ಗೊತ್ತಾಗುತ್ತೆ ಅಂದ್ರು ಅಂತ ಕರ್ಕೊಂಡು ಹೋದ್ವಿ. ಬೆರಳಚ್ಚು, ಅಂಗೈ ಗೆರೆ ನೋಡಿ ಮಗುವಿನ ಬುದ್ಧಿ, ಪ್ರತಿಭೆ ಹೇಳ್ತೀವಿ ಅನ್ನೋ ಟೆಸ್ಟ್ ಇದು. ಹತ್ತೂ ಬೆರಳು, ಎರಡೂ ಅಂಗೈ ಸ್ಕ್ಯಾನ್ ಮಾಡ್ತಾರೆ, ಆಮೇಲೆ ಮದುವೆ ಆಲ್ಬಂ ಥರ ದಪ್ಪದೊಂದು ಕಲರ್ ರಿಪೋರ್ಟ್ ಕೈಗಿಡ್ತಾರೆ. ಮ್ಯೂಸಿಕ್ ಇಷ್ಟು ಪರ್ಸೆಂಟ್, ಲಾಜಿಕ್ ಇಷ್ಟು ಪರ್ಸೆಂಟ್, ಮುಂದೆ ಇಂಜಿನಿಯರ್ ಆಗ್ಬಹುದು ಅಂತೆಲ್ಲ ಇರುತ್ತೆ. ಅಮೆರಿಕದ ಮನಃಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಹೇಳಿದ ಮಲ್ಟಿಪಲ್ ಇಂಟೆಲಿಜೆನ್ಸ್ (ಬುದ್ಧಿ ಒಂದೇ ಅಲ್ಲ, ಹಲವು ಬಗೆ ಇದೆ ಅನ್ನೋ ಥಿಯರಿ) ಹೆಸರನ್ನೇ ಇವ್ರು ಹಿಡ್ಕೊಂಡಿರೋದು, ಆದ್ರೆ ಆ ಥಿಯರಿಗೂ ಬೆರಳಚ್ಚಿಗೂ ಸಂಬಂಧಾನೇ ಇಲ್ಲ. ಮನೋವೈದ್ಯರ ಸಂಘ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 2019ರಲ್ಲೇ ಡಿಎಂಐಟಿಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿದೆ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ನಿರ್ತಿದ್ದೆ. ಕೌನ್ಸೆಲರ್ ಮಗು ಎಡಗೈ ನೋಡಿ ಮುಖ ಸಣ್ಣ ಮಾಡ್ಕೊಂಡು, ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಇದೆ, ಇದು ಡೆವಲಪ್‌ಮೆಂಟ್ ಡಿಲೇ ಲಕ್ಷಣ, ಆರು ತಿಂಗಳ ಬ್ರೈನ್ ಪ್ಯಾಕೇಜ್ ತಗೊಳ್ಳಿ ಅಂದ್ರು. ಅಕ್ಕ ಅಲ್ಲೇ ಅತ್ತುಬಿಟ್ಳು. ಭಾವ ತಮ್ಮ ಕೈ ಚಾಚಿ ತೋರಿಸಿದ್ರು, ಅದೇ ಗೆರೆ! ಭಾವ ಸಿಎ, ಆಫೀಸ್ ನಡೆಸ್ತಾರೆ. ಅದಕ್ಕೆ ಆ ಪುಣ್ಯಾತ್ಮ ಅಡಲ್ಟ್ ಪ್ಯಾಕೇಜೂ ಇದೆ ಸರ್ ಅನ್ನೋದಾ.

ಗೆರೆ ವಿಷ್ಯ ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ಬೀಳೋದು. ಜ್ಯೋತಿಷಿಗಳು ಹೃದಯ ರೇಖೆ, ಬುದ್ಧಿ ರೇಖೆ ಅಂತಾರಲ್ಲ, ಅವೆರಡೂ ಸೇರಿ ಒಂದೇ ಅಡ್ಡಗೆರೆ ಆಗಿರುತ್ತೆ. ಈ ಗೆರೆಗಳು ಮೂಡೋದು ಹೊಟ್ಟೇಲಿರುವಾಗ, ಸುಮಾರು ಮೂರನೇ ತಿಂಗಳ ಹೊತ್ತಿಗೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇದ್ದು ಬೆಳವಣಿಗೆ ನಿಧಾನ ಆಗೋದು) ಇರೋ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಇದು ಇರುತ್ತೆ, ಬಸುರಿಲಿ ತಾಯಿ ಮದ್ಯ ಕುಡಿದು ತೊಂದ್ರೆ ಆದ ಕೆಲವು ಮಕ್ಕಳ ಅಂಗೈಲೂ ಗೆರೆ ಬೇರೆ ಥರ ಇರುತ್ತೆ. ಆದ್ರೆ ಏನೂ ತೊಂದ್ರೆ ಇಲ್ಲದ ಜನರಲ್ಲೂ ನೂರಕ್ಕೆ ಒಬ್ರೋ ಇಬ್ರಿಗೋ ಇದು ಇರುತ್ತೆ, ಮನೆತನದಲ್ಲೂ ಬರುತ್ತೆ. ನೀವೇ ಲೆಕ್ಕ ಹಾಕಿ: ಸಾವಿರ ಮಕ್ಕಳಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಗೆರೆ, ಡೌನ್ ಸಿಂಡ್ರೋಮ್ ಸುಮಾರು ಒಂದು ಮಗುಗೆ, ಆ ಮಗುಗೂ ಗೆರೆ ಇರಬಹುದು ಇಲ್ಲದೇನೂ ಇರಬಹುದು. ಅಂದ್ಮೇಲೆ ಬರೀ ಗೆರೆ ನೋಡಿ ಏನು ಹೇಳೋಕಾಗುತ್ತೆ? ಡಾಕ್ಟ್ರುಗಳೂ ಅಂಗೈ ನೋಡ್ತಾರೆ, ಆದ್ರೆ ಕಣ್ಣಿನ ಆಕಾರ, ಮೈ ಸಡಿಲ ಇದೆಯಾ, ಕಾಲಿನ ಹೆಬ್ಬೆರಳ ಪಕ್ಕ ಸಂದಿ ಜಾಸ್ತಿನಾ, ಎಲ್ಲಾ ಸೇರಿಸಿ ನೋಡಿ ಅನುಮಾನ ಬಂದ್ರೆ ರಕ್ತದಲ್ಲಿ ಕ್ರೋಮೋಸೋಮ್ ಟೆಸ್ಟ್ ಬರೀತಾರೆ, ಹಾರ್ಟಿಗೆ ಎಕೋ ಮಾಡಿಸ್ತಾರೆ. ಇನ್ನು ಗೆರೆ ನೋಡಿ ಆಟಿಸಂ ಇದೆಯಾ ಅಂತ ಹೇಳ್ತೀವಿ ಅನ್ನೋರು ಸಿಕ್ಕಿದ್ರೆ ಎದ್ದು ಬನ್ನಿ.

ನನಗೆ ನಿಜಕ್ಕೂ ಉರಿದಿದ್ದು ಬೇರೆ. ಅಷ್ಟು ಹೊತ್ತು ಕೂತಿದ್ವಲ್ಲ, ಹೆಸರು ಕರೆದ್ರೆ ತಿರುಗ್ತಾನಾ, ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಾನಾ, ನಡೆಯೋಕೆ ಯಾವಾಗ ಶುರು ಮಾಡ್ದ, ಎರಡು ಪದ ಸೇರಿಸಿ ಮಾತಾಡ್ತಾನಾ, ಕಿವಿ ಸರಿ ಕೇಳುತ್ತಾ, ಒಂದನ್ನೂ ಕೇಳಲಿಲ್ಲ! ಮಗು ಎದುರಿಗೇ ಆಡ್ತಾ ಇತ್ತು, ತಲೆ ಎತ್ತಿ ನೋಡಲಿಲ್ಲ. ಆಮೇಲೆ ಮಕ್ಕಳ ಡಾಕ್ಟ್ರ ಹತ್ರ ಹೋದ್ರೆ ಅವ್ರು ಮೊದಲು ಕೇಳಿದ್ದೇ ಇವು, ಗೆರೆ ನೋಡಿ ಅಪ್ಪಂದೇ ಬಿಡಿ ಅಂತ ನಕ್ರು, ಹಿಯರಿಂಗ್ ಟೆಸ್ಟಿಗೆ ಕಳಿಸಿದ್ರು. ಪದೇಪದೇ ನೆಗಡಿ ಆಗಿ ಕಿವಿ ಒಳಗೆ ನೀರು ನಿಂತಿದೆಯಂತೆ, ಟ್ರೀಟ್‌ಮೆಂಟ್ ನಡೀತಿದೆ, ಜೊತೆಗೆ ಸ್ಪೀಚ್ ಥೆರಪಿ.

ನಿಮ್ ಮಗು ಬಗ್ಗೆ ಅನುಮಾನ ಇದ್ರೆ ಈ ದುಡ್ಡು ಉಳಿಸ್ಕೊಳ್ಳಿ. ಅಂಗನವಾಡಿ, ಸರ್ಕಾರಿ ಸ್ಕೂಲಿಗೆ ಆರ್‌ಬಿಎಸ್‌ಕೆ ಟೀಮ್ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯವ್ರು) ಬಂದು ಫ್ರೀಯಾಗಿ ನೋಡುತ್ತೆ, ಬೇಕಿದ್ರೆ ಬೆಳವಣಿಗೆ ತೊಂದ್ರೆಗಳನ್ನ ಬೇಗ ಗುರುತಿಸಿ ನೋಡೋ ಜಿಲ್ಲಾ ಮಟ್ಟದ ಡಿಇಐಸಿ ಸೆಂಟರಿಗೆ ಕಳಿಸ್ತಾರೆ. ಮಾತು, ಕಿವಿ ವಿಷ್ಯಕ್ಕೆ ಮೈಸೂರು ಮಾನಸಗಂಗೋತ್ರಿಯ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ, ನಡವಳಿಕೆ ಬಗ್ಗೆ ಚಿಂತೆ ಇದ್ರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಕ್ಯೂ ಇರುತ್ತೆ, ಎಸಿ ಇರಲ್ಲ, ಪರವಾಗಿಲ್ಲ.

ರೀಫಂಡ್ ಕೇಳಿದ್ವಿ, ಸ್ಕ್ಯಾನ್ ಆದ್ಮೇಲೆ ಆಗಲ್ಲ ಅಂದ್ರು. ಮಗು ಬೆರಳಚ್ಚು ನಿಮ್ಮ ಕಂಪ್ಯೂಟರ್‌ನಲ್ಲಿ ಯಾಕಿರಬೇಕು ಡಿಲೀಟ್ ಮಾಡಿ ಅಂತ ಭಾವ ಮೇಲ್ ಹಾಕಿದಾರೆ, ಅದಕ್ಕೆ ಉತ್ತರ ಇಲ್ಲ, ಆದ್ರೆ ಪ್ಯಾಕೇಜ್ ಡಿಸ್ಕೌಂಟ್ ಮೆಸೇಜ್ ಮಾತ್ರ ವಾರ ವಾರ ತಪ್ಪದೆ ಬರ್ತಿದೆ.