‘ಅನ್ಬೇ ಶಿವಂ’ ನೋಡಲೋ, ‘ಮೆಯ್ಯಳಗನ್’ ನೋಡಲೋ?

ಎರಡೂ ತಮಿಳು ಸಿನಿಮಾ. ಎರಡರಲ್ಲೂ ಒಬ್ಬ ಮಾತಿನ ಮಲ್ಲ, ಇನ್ನೊಬ್ಬನಿಗೆ ಅವನ ಸಹವಾಸವೇ ಬೇಡ. ಆದರೂ ಒಟ್ಟಿಗೆ ಇರಲೇಬೇಕು. ಹೋಲಿಕೆ ಅಷ್ಟೇ.

2003ರ ‘ಅನ್ಬೇ ಶಿವಂ’ನಲ್ಲಿ ಕಮಲ್ ಹಾಸನ್, ಮಾಧವನ್ ಮಳೆಗೆ ಸಿಕ್ಕಿ ಭುವನೇಶ್ವರದಿಂದ ಚೆನ್ನೈಗೆ ಹೊರಡುತ್ತಾರೆ. ದೇವರ ಪ್ರಶ್ನೆ ಇಲ್ಲಿ ನೇರವಾಗಿಯೇ ಬರುತ್ತದೆ. ಮಾತುಮಾತಿಗೆ ಶಿವನನ್ನು ನೆನೆಯುವ ಕಾರ್ಖಾನೆ ಮಾಲೀಕ ಕೂಲಿ ಹೆಚ್ಚಿಸಲು ಒಪ್ಪುವುದಿಲ್ಲ. ಬಸ್ ಅಪಘಾತದಲ್ಲಿ ನಜ್ಜುಗುಜ್ಜಾದ ಕಮ್ಯುನಿಸ್ಟ ಕಮಲ್‌ನನ್ನು ಆರೈಕೆ ಮಾಡುವವರು ಕ್ರೈಸ್ತ ಸನ್ಯಾಸಿನಿಯರು! ಬಿಡುಗಡೆಯಾದಾಗ ಸೋತ ಸಿನಿಮಾ, ಆಮೇಲೆ ಟಿವಿಯಲ್ಲಿ ನೋಡಿ ಜನ ಮೆಚ್ಚಿದರು. ಕೆಲವು ಕಡೆ ಭಾಷಣ ಜಾಸ್ತಿ ಆಯ್ತು ಅನ್ನಿಸುತ್ತದೆ. ಆದರೆ ರೈಲು ಅಪಘಾತದ ನಂತರದ ದೃಶ್ಯಗಳಲ್ಲಿ ಆ ದೂರು ಮರೆತೇಹೋಗುತ್ತದೆ.

2024ರ ‘ಮೆಯ್ಯಳಗನ್’ನಲ್ಲಿ ಇರುವುದು ಮನೆ ಕಳೆದುಕೊಂಡ ದುಃಖ. ಆಸ್ತಿ ಜಗಳದಿಂದ ತಂಜಾವೂರು ಬಿಟ್ಟ ಅರವಿಂದ್ ಸ್ವಾಮಿ, 22 ವರ್ಷದ ಮೇಲೆ ಸಂಬಂಧದಲ್ಲಿ ತಂಗಿಯಾಗುವವಳ ಮದುವೆಗೆ ಊರ ಕಡೆ ಬರುತ್ತಾನೆ. ಅಲ್ಲಿ ಕಾರ್ತಿ ‘ಅತ್ತಾನ್, ಅತ್ತಾನ್’ (ಭಾವ, ಭಾವ) ಅಂತ ಬೆನ್ನು ಬೀಳುತ್ತಾನೆ. ಇವನಿಗೋ ಅವನ ಹೆಸರೇ ನೆನಪಿಲ್ಲ! ನಮ್ಮ ಮದುವೆಮನೆಗಳಲ್ಲೂ ಹೀಗೇ ಅಲ್ವಾ? ಬಿಟ್ಟುಬಂದ ಹಳೇ ಸೈಕಲ್ಲೊಂದು ಯಾರ ಬದುಕನ್ನು ಬದಲಿಸಿತು ಅನ್ನುವ ಭಾಗ ನನಗೆ ತುಂಬಾ ಇಷ್ಟ. ಕಥೆ ನಿಧಾನ. ಬಿಡುಗಡೆಯಾದ ಮೇಲೆ 18 ನಿಮಿಷ ಕತ್ತರಿಸಿದ್ದರು.

ಅಪ್ಪ, ಅಮ್ಮ, ದೊಡ್ಡಪ್ಪ ಎಲ್ಲ ಜೊತೆಗಿದ್ದರೆ ‘ಮೆಯ್ಯಳಗನ್’ ಹಾಕಿ. ದೇವರು, ನ್ಯಾಯ ಅಂತ ಊಟದ ಹೊತ್ತಲ್ಲೂ ವಾದ ಮಾಡುವ ಮನೆಯಾದರೆ ‘ಅನ್ಬೇ ಶಿವಂ’ ಸರಿ.